ಹೆಬ್ಬೆಟ್ಟು ಒತ್ತದ ಅಜ್ಜಿ

ಮೊನ್ನೆ ರಾಮನಗರದ ನನ್ನ ಆಫೀಸಿನಲ್ಲಿ ಜೂನಿಯರ್ ಹುಡುಗಿ ಹೊಸ ಇಂಕ್ ಪ್ಯಾಡಿನ ಡಬ್ಬಿ ತೆರೆದಳು. ಆ ನೀಲಿ ಶಾಯಿಯ ಘಾಟು ಮೂಗಿಗೆ ಬಡಿದದ್ದೇ ತಡ, ಕುರಿ ಅಜ್ಜಿ ನೆನಪಾದಳು. ಹೆಬ್ಬೆಟ್ಟು ಒತ್ತು ಅಂದರೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡವಳು...

ನಾನಾಗ ಲಾ ಕೊನೆಯ ವರ್ಷದಲ್ಲಿದ್ದೆ. ಪ್ರಾಯೋಗಿಕ ತರಬೇತಿ ಅಂತ ಒಂದು ಪೇಪರ್. ಕಾನೂನು ನೆರವು ಶಿಬಿರಕ್ಕೆ ಹೋಗಿ ನಿಜವಾದ ಕಕ್ಷಿದಾರರಿಗೆ ಅರ್ಜಿ ಬರೆದುಕೊಡಬೇಕು, ಅದರ ನಕಲನ್ನು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಬೇಕು. ಸುಳ್ಳೇಕೆ ಹೇಳಲಿ, ನನಗೆ ಬೇಕಿದ್ದದ್ದು ಅಂಟಿಸಲು ಒಂದು ಕಾಗದ.

ಕುದೂರಿನ ಶಿಬಿರಕ್ಕೆ ಅಜ್ಜಿ ತನ್ನ ಹಳ್ಳಿಯಿಂದ ನಡೆದೇ ಬಂದಿದ್ದಳು. ಕುರಿಗಳು ನೀರಿಗೆ ಹೋಗುವ ಕೆರೆದಾರಿಗೆ ಪಕ್ಕದ ಹೊಲದವನು ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದ. ಊರಿನ ನಕಾಶೆಯಲ್ಲೇ ಇದ್ದ ದಾರಿ ಅದು. ಈಗ ಮಂದೆಯನ್ನು ಡಾಂಬರು ರಸ್ತೆಯಲ್ಲಿ ಲಾರಿಗಳ ನಡುವೆ ಸುತ್ತಿಸಿ ಹೊಡೆಯಬೇಕಿತ್ತು. ಆಗಲೇ ಎರಡು ಮರಿ ಚಕ್ರಕ್ಕೆ ಸಿಕ್ಕಿದ್ದವು. ದಾರಿ ಬಿಡಿಸದಿದ್ದರೆ ಮಂದೆಯನ್ನೇ ಮಾರಬೇಕು ಅಂದಳು.

ಅರ್ಧ ಗಂಟೆಯಲ್ಲಿ ತಹಶೀಲ್ದಾರರಿಗೆ ಅರ್ಜಿ ಬರೆದು ಮುಗಿಸಿದೆ. ಕೊನೆಯಲ್ಲಿ ವಾಡಿಕೆಯ ಸಾಲು: 'ಓದಿಸಿ ಕೇಳಿದ್ದೇನೆ, ಸರಿ ಇದೆ.' ಪ್ಯಾಡ್ ಮುಂದೆ ತಳ್ಳಿ, ಒತ್ತು ಅಂದೆ. ಅಜ್ಜಿ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಈ ಕೊನೆಯ ಸಾಲಿನಲ್ಲಿ ಏನು ಬರೆದಿದೆ ಅಂತ ಕೇಳಿದಳು. ಆ ಸಾಲನ್ನು ಓದಿದೆ.

"ನೀನು ಓದ್ಲಿಲ್ಲ, ನಾನು ಕೇಳ್ಲಿಲ್ಲ. ಸರಿ ಐತೆ ಅಂತ ಹೆಂಗೆ ಒತ್ತಲಿ ಮಗಾ? ಒಸಿ ಓದು, ಕೇಳ್ತೀನಿ."

ಮುಖ ಗಂಟಿಕ್ಕಿಕೊಂಡೇ ಓದಿದೆ. 'ಅಬಲೆಯೂ ನಿರ್ಗತಿಕಳೂ ಆದ ನಾನು' ಎಂಬಲ್ಲಿಗೆ ಬಂದಾಗ ತಡೆದಳು. ಅಬಲೆ ಅಂದರೆ ಬಲ ಇಲ್ಲದವಳು ಅಂತ ಅರ್ಥ ಹೇಳಿದೆ.

"ಹಾಯೋಕ್ ಬರೋ ಟಗರ ಕೊಂಬು ಹಿಡ್ದು ನಿಲ್ಸೋಳು ನಾನು. ಬಲ ಇಲ್ಲ ಅಂತ ನಿಂಗ್ಯಾರು ಹೇಳಿದ್ದು?"

ಮುಂದೆ 'ದಯಾಪರರಾದ ತಾವು ಕೃಪೆ ತೋರಿ' ಎಂದಿತ್ತು. ಅದಕ್ಕಂತೂ ರೇಗಿಯೇಬಿಟ್ಟಳು. "ನಾನೇನು ತಿರುಪೆ ಎತ್ತೋಕ್ ಬಂದಿದ್ದೀನಾ? ದಾರಿ ನಮ್ದು, ಮುಚ್ಬುಟ್ಟವ್ನೆ, ಬಿಡ್ಸಿ ಅಂತ ಬರಿ."

ಶಿಬಿರಕ್ಕೆ ನಮ್ಮನ್ನು ಕರೆತಂದಿದ್ದ ಕಾಲೇಜಿನ ಮೇಷ್ಟ್ರು ದೂರದಿಂದಲೇ, "ನಮೂನೆ ಇರೋದೇ ಹಾಗಮ್ಮ, ಬದಲಾಯಿಸಬೇಡ" ಅಂದರು. ಅಜ್ಜಿಯ ಮುಖ ನೋಡಿದೆ. ನನಗೆ ನಾಚಿಕೆಯಾಯಿತು. ಬರೆದದ್ದನ್ನು ಹರಿದುಹಾಕಿ ಹೊಸ ಹಾಳೆಯಲ್ಲಿ ಆರೇ ಸಾಲು ಬರೆದೆ, ಗಟ್ಟಿಯಾಗಿ ಓದಿದೆ. ಆಮೇಲೆ ಅಜ್ಜಿ ಹೆಬ್ಬೆಟ್ಟನ್ನು ಸೀರೆಗೆ ಒರೆಸಿಕೊಂಡು ಒತ್ತಿದಳು. ನಮೂನೆ ತಪ್ಪಿದೆ ಅಂತ ಪರೀಕ್ಷಕರು ನನ್ನ ಅಂಕ ಕಡಿದರು. ಕಡಿಯಲಿ ಬಿಡಿ. ಐದು ವರ್ಷ ಓದಿದ್ದರಲ್ಲಿ ನನಗೆ ದಕ್ಕಿದ್ದು ಆ ಆರು ಸಾಲು.

ದಾರಿ ಸುಲಭಕ್ಕೆ ತೆರೆಯಲಿಲ್ಲ. ಸರ್ವೆ ಅಂದಾಗಲೆಲ್ಲ ಬೇಲಿಯವನು ಊರಲ್ಲಿಲ್ಲ ಅಂತ ತಪ್ಪಿಸಿಕೊಂಡ. ಪ್ರತಿ ಸಲವೂ ಅಜ್ಜಿ ಕಂಬದ ಪಕ್ಕದಲ್ಲೇ ಕೂತು ಸಂಜೆಯವರೆಗೆ ಕಾದಳು. ಕಡೆಗೂ ಅಳತೆಯಾಯಿತು, ಕಂಬ ಕಿತ್ತರು. ಆಮೇಲೆ ಬೇಕಾದಷ್ಟು ದಿನ ಅವಳ ಮಂದೆ ಅಲ್ಲಿ ಓಡಾಡಿತಂತೆ... ಅಂತೆ ಅನ್ನುತ್ತೇನೆ, ಯಾಕೆಂದರೆ ನಾನು ಒಮ್ಮೆಯೂ ಹೋಗಿ ನೋಡಲಿಲ್ಲ. ಅವಳು ತೀರಿಕೊಂಡದ್ದೂ ತಿಂಗಳುಗಳ ನಂತರ ತಿಳಿಯಿತು. ಆ ತಪ್ಪಿಗೆ ನನ್ನ ಹತ್ತಿರ ಯಾವ ವಾದವೂ ಇಲ್ಲ.

ಪ್ಯಾಡಿನ ಘಾಟು ರಾತ್ರಿಯೆಲ್ಲ ಕಾಡಿತು. ನಿನ್ನೆ ಕುದೂರಿಗೆ ಬಸ್ಸು ಹತ್ತಿದೆ, ಅಲ್ಲಿಂದ ಅಜ್ಜಿಯ ಹಳ್ಳಿಗೆ ನಡೆದೆ. ಅಜ್ಜಿಯ ಮನೆಯಲ್ಲಿ ಈಗ ಕುರಿ ಸಾಕುವವರಿಲ್ಲ. ಕೆರೆದಾರಿಯಲ್ಲಿ ಒಬ್ಬಳೇ ನಡೆಯುತ್ತಿದ್ದಾಗ ಹಿಂದಿನಿಂದ ಟ್ರ್ಯಾಕ್ಟರ್ ಬಂತು. ತಿರುಗಿ ನೋಡಿದೆ, ಹಿಂದೆ ತಾಲ್ಲೂಕು ಕಚೇರಿಯ ವಿಚಾರಣೆಯಲ್ಲಿ ಕಂಡಿದ್ದ ಮುಖ, ಬೇಲಿ ಹಾಕಿದ್ದವನೇ. ಹಾರನ್ ಮೇಲೆ ಹಾರನ್ ಹೊಡೆದ. ನಾನು ಬದಿಗೆ ಸರಿಯಲಿಲ್ಲ. ಕೆರೆಯ ಏರಿ ಸಿಗುವವರೆಗೂ ದಾರಿಯ ನಡುವೆಯೇ ನಡೆದೆ, ಮಂದೆ ನಡೆಯುವಷ್ಟು ನಿಧಾನವಾಗಿ.