ತಂಗಿಯ ಮೇಲೆ ಹಿಡಿದ ಶುಕ್ರವಾರ

ಉಪವಾಸದ ದಿನ ಮಾಂಸ, ಹಾಲು ಬಿಡುವುದನ್ನು ಇಜಾ ಹೊಳೆಯ ಕಣಿವೆಯ ಕ್ರೈಸ್ತ ಹಳ್ಳಿಗಳಲ್ಲಿ ಮಕ್ಕಳೂ ಮಾಡುತ್ತಿದ್ದರು. ರಫಿಲಾ ಹಿಡಿಯುತ್ತಿದ್ದದ್ದು ಕಪ್ಪು ಉಪವಾಸ. ಶುಕ್ರವಾರ ಪೂರ್ತಿ ಹನಿ ನೀರೂ ಇಲ್ಲ. ಗಂಡನ ಕೆಮ್ಮಿಗೆಂದು ಒಮ್ಮೆ ಹಿಡಿದಿದ್ದಳು, ಕೆಮ್ಮು ನಿಂತಿತ್ತು. ಆಮೇಲೆ ಕಷ್ಟ ಬಂದವರೆಲ್ಲ ತಮಗಾಗಿಯೂ ಹಿಡಿಯೆಂದು ಅವಳ ಬಾಗಿಲಿಗೇ ಬರತೊಡಗಿದರು.

ತಾಯಿ ತೀರಿಕೊಂಡ ವರ್ಷ ಪೆಟ್ಟಿಗೆಯಲ್ಲಿದ್ದ ಹವಳದ ಸರ ಕಾಣೆಯಾಯಿತು. ಹಿರಿಮಗಳಾದ ತನಗೇ ಅದು ಎಂದುಕೊಂಡಿದ್ದ ರಫಿಲಾ ತಂಗಿ ತೊದೋಸಿಯಾಳನ್ನು ಕೇಳಿದಳು.

"ನಂಗೇನ್ ಗೊತ್ತಕ್ಕ? ಸಾವಿನ್ ಮನೆಗೆ ನೂರು ಜನ ಬಂದು ಹೋದ್ರು."

"ಹಂಗಾದ್ರೆ ತಗೊಂಡೋರ ಮೇಲೆ ಒಂಬತ್ತು ಶುಕ್ರವಾರ ಹಿಡೀತೀನಿ. ಆ ಕೈ ಮೇಲೇಳ್ಬಾರ್ದು, ಹಂಗ್ ಮಾಡ್ಲಿ ದೇವ್ರು."

ತೊದೋಸಿಯಾ ತಲೆವಸ್ತ್ರ ಬಿಗಿದುಕೊಂಡು ಎದ್ದು ಹೋದಳು.

ಏಳು ಶುಕ್ರವಾರ ಕಳೆದಿತ್ತು. ಹುಲ್ಲು ಒಟ್ಟುತ್ತಿದ್ದ ತೊದೋಸಿಯಾ ಅಲ್ಲೇ ಕುಸಿದಳು. ಲಕ್ವ. ಬಲಗೈ ಸತ್ತುಹೋಯಿತು. ಓಡಿಬಂದ ಅಕ್ಕನಿಗೆ ಸೊಟ್ಟ ಬಾಯಿಂದ ಹೇಳಿದಳು:

"ಕದ್ದಿಲ್ಲಕ್ಕ. ಎರಡ್ ವರ್ಷ ಅಮ್ಮನ್ ಹೇಲು ಉಚ್ಚೆ ಬಳಿದ್ನಲ್ಲ, ಸರಾನ ಅವಳೇ ಕೊಟ್ಳು. ನಿನ್ ಬಾಯಿಗ್ ಹೆದರ್ಕೊಂಡು ಹೇಳ್ಲಿಲ್ಲ. ಇನ್ನಾದ್ರೂ ಬಿಟ್ಬಿಡು."

"ಬಿಟ್ಟೆ ಕಣೇ, ಬಿಟ್ಟೆ."

ಅಂದಿನಿಂದ ತಂಗಿ ಏಳಲೆಂದು ಉಪವಾಸ ಹಿಡಿದಳು. ಶುಕ್ರವಾರ ಸಾಲದೆಂದು ಬುಧವಾರವನ್ನೂ ಸೇರಿಸಿದಳು. ತಂಗಿಗೆ ಚಮಚದಲ್ಲಿ ಹಾಲು ಕುಡಿಸುವಾಗ ರಫಿಲಾಳ ಒಣಗಿದ ತುಟಿ ಒಡೆದು ರಕ್ತ ಜಿನುಗುತ್ತಿತ್ತು.

"ನೀನೂ ಒಂದ್ ಗುಟುಕು ಕುಡಿಯಕ್ಕ."

ಕುಡಿಯಲಿಲ್ಲ. ಪ್ಲಮ್ ಹಣ್ಣು ಉದುರುವ ಹೊತ್ತಿಗೆ ತೊದೋಸಿಯಾ ತೀರಿಹೋದಳು. ಸರವನ್ನು ರಫಿಲಾ ತಾನೇ ತಂಗಿಯ ಮಗಳ ಕೊರಳಿಗೆ ಕಟ್ಟಿದಳು. ಹುಡುಗಿ ಅವಳ ಮುಖ ನೋಡಲಿಲ್ಲ.

ಪಾಪನಿವೇದನೆಯಲ್ಲಿ ಪಾದ್ರಿ ಇರಿಮಿಯ ಗದರಿದರು: "ದೇವ್ರೇನು ನಿನ್ ಮನೆ ಆಳೇನಮ್ಮ, ಹೊಡಿ ಅಂದ್ರೆ ಹೊಡೆಯೋಕೆ? ಅವಳಿಗೆ ಮೊದ್ಲಿಂದ್ಲೂ ಬಿಪಿ ಇತ್ತು."

"ಹಂಗಾದ್ರೆ ನನ್ ಗಂಡನ್ ಕೆಮ್ಮು ನಿಲ್ಸಿದ್ದು ಯಾರು ಸ್ವಾಮಿ?"

ಪಾದ್ರಿ ಅವಳ ತಲೆಯ ಮೇಲೆ ಕೈಯಿಟ್ಟರು. "ಉಪವಾಸ ಇರೋದು ನಮ್ಮನ್ನ ನಾವು ತಗ್ಗಿಸ್ಕೊಳ್ಳೋಕೆ ಮಗಳೇ. ಇನ್ನೊಬ್ರನ್ನ ಅಲ್ಲ" ಎಂದರು. ರಫಿಲಾ ಅವರ ಕೈಗೆ ಮುತ್ತಿಟ್ಟು ಹೊರಬಂದಳು. ಆ ಮಾತು ಅವಳ ಕಿವಿಗೆ ಬಿದ್ದಿತು, ಎದೆಗೆ ಇಳಿಯಲಿಲ್ಲ.

ಅವಳು ಮತ್ತೆ ಉಪವಾಸ ಹಿಡಿಯಲೇ ಇಲ್ಲ. ಶುಭ ಶುಕ್ರವಾರದಂದು ಊರೆಲ್ಲ ಹಸಿದಿರುವಾಗ ಮನೆಯ ಮುಂದಿನ ಬೆಂಚಿನ ಮೇಲೆ, ಎಲ್ಲರಿಗೂ ಕಾಣುವಂತೆ, ಮೆಕ್ಕೆಜೋಳದ ಮುದ್ದೆಗೆ ಚೀಸು ಹಾಕಿಕೊಂಡು ಕೂರುತ್ತಿದ್ದಳು.

"ಇವತ್ತಾದ್ರೂ ನಾಚ್ಕೆ ಬೇಡ್ವಾ ಮುದ್ಕಿ?" ಎಂದು ಪಕ್ಕದ ಮನೆಯವನೊಬ್ಬ ಒಮ್ಮೆ ಛೇಡಿಸಿದ.

"ನಾನು ಹಸ್ಕೊಂಡ್ರೆ ನಿಮಗೇ ಕೇಡು ಕಣಪ್ಪ" ಎಂದಳು ರಫಿಲಾ. ಇನ್ನೊಂದು ತುತ್ತು ಮುರಿದು ಬಾಯಿಗಿಟ್ಟಳು. ನೀರು ಕುಡಿದು ಇಳಿಸಿಕೊಂಡಳು.