ಬಿಳಿ ಗೆರೆ ಹಿಡಿದು ಒಂದು ಸುತ್ತು

ಗಡಿಯಾರ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ಗಡಿಯಾರದಣ್ಣ ಎಂದೇ ಕರೆಯುತ್ತಿದ್ದರು. ವಾರವೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ತಿರುಪುಗಳ ಜೊತೆ ಗುದ್ದಾಡುತ್ತಿದ್ದ ಮನುಷ್ಯ, ಭಾನುವಾರ ಬೆಳಗಾದರೆ ಗೆಳೆಯರ ಜೊತೆ ಸೈಕಲ್ ಹತ್ತಿ ಊರಾಚೆಯ ಏರುರಸ್ತೆ ಹಿಡಿಯುತ್ತಿದ್ದ. ಮನೆಯ ನಡುಕೋಣೆಯಲ್ಲಿ ಸೋಫಾಗೆ ಜಾಗವಿರಲಿಲ್ಲ, ಮೂರು ಸೈಕಲ್ಲುಗಳಿಗಿತ್ತು. "ನಮ್ಮನೆಗೆ ಬಂದೋರು ಸೀಟ್ ಮೇಲೇ ಕೂತ್ಕೋಬೇಕು" ಎಂದು ಅವನ ಹೆಂಡತಿ ಬಂದವರೆದುರು ಹೇಳಿಕೊಂಡು ನಗುತ್ತಿದ್ದಳು. ಅವಳು ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದಳು.

ಆ ವರ್ಷ ಮಾತ್ರ ಭಾನುವಾರಗಳು ಒಂದೊಂದಾಗಿ ತಪ್ಪತೊಡಗಿದವು. ಒಮ್ಮೆ ಮಂಡಿನೋವು, ಇನ್ನೊಮ್ಮೆ ಕೆಲಸದ ನೆಪ. ನಿಜ ಸಂಗತಿ ಬೇರೆಯಿತ್ತು. ಕಣ್ಣಿನ ಡಾಕ್ಟರು ಅವನಿಗೆ ಬಿಡಿಸಿ ಹೇಳಿದ್ದರು: "ನಿಮ್ಮ ನೋಟ ಅಂಚಿಂದ ಒಳಗೆ ಮುಚ್ಕೊಂಡು ಬರ್ತಿದೆ. ನಡುಮಧ್ಯ ಚೆನ್ನಾಗಿದೆ, ಹಾಗಾಗಿ ನಿಮ್ಮ ಕೆಲಸ ನಡೆಯುತ್ತೆ. ಸೈಕಲ್ ಬಿಟ್ಬಿಡಿ. ಮನೇಲಿ ಹೇಳಿ."

ಅವನು ಸೈಕಲ್ಲನ್ನೂ ಪೂರ್ತಿ ಬಿಡಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಕೊಳವೆಯಲ್ಲಿ ಇಣುಕಿದ ಹಾಗೆ ಎದುರಿನದು ಸ್ಪಷ್ಟ, ಪಕ್ಕದ್ದು ಶೂನ್ಯ. ಭುಜ ಬಾಗಿಲಿಗೆ ಬಡಿದರೆ ಬಾಗಿಲನ್ನು ಬೈದ. ಕೈ ತಾಗಿ ಲೋಟ ಉರುಳಿದರೆ ಅದನ್ನು ಅಲ್ಲಿಟ್ಟವರನ್ನು ಬೈದ.

"ಈಚೆಗೆ ಯಾಕೋ ಮಂಕಾಗಿದ್ದೀರಿ. ನಡೀರಿ, ಸೈಕಲ್ ಪ್ರದರ್ಶನ ಬಂದಿದೆ" ಎಂದು ಅವಳು ಒಂದು ದಿನ ಟಿಕೆಟ್ ತಂದು ಕೈಗಿಟ್ಟಾಗ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬರುವುದಾದರೂ ಹೇಗೆ? ವರ್ಷವಿಡೀ ಇಂಥದ್ದಕ್ಕೆ ಕಾಯುತ್ತಿದ್ದ ಆಸಾಮಿ.

ದೊಡ್ಡ ಹಾಲ್ ತುಂಬ ಜನ. ತಂತಿಗಳಿಂದ ಇಳಿಬಿಟ್ಟ ರೇಸ್ ಸೈಕಲ್ಲುಗಳು, ಮಡಚಿ ಕೈಚೀಲದಂತೆ ಹಿಡಿಯುವವು, ಸಾಮಾನು ಹೊರುವ ಉದ್ದನೆಯವು. ಅವನು ಹೆಂಡತಿಯ ಬೆನ್ನಿಗೇ ಅಂಟಿಕೊಂಡು ನಡೆದ. ಒಂದು ಕಡೆ ನಿಂತು ಬಗ್ಗಿ ನೋಡುವಾಗ ಎಲ್ಲ ಮರೆತುಹೋಗುತ್ತಿತ್ತು. ಚೈನಿನ ಹಲ್ಲು, ಫ್ರೇಮಿನ ಬೆಸುಗೆ, ಒಂದೂ ಅವನ ಕಣ್ಣು ತಪ್ಪುತ್ತಿರಲಿಲ್ಲ. ಮತ್ತೆ ಹೆಜ್ಜೆಯಿಟ್ಟರೆ ಯಾರದೋ ಮೊಣಕೈ, ಯಾರದೋ ಮಗುವಿನ ಗಾಡಿ. ಸಾರಿ, ಸಾರಿ ಎಂದು ಹೇಳಿ ಹೇಳಿ ಬಾಯಿ ಒಣಗಿತು.

ದೂರದ ಸವಾರಿಗೆಂದು ಮಾಡಿದ ತಿಳಿನೀಲಿ ಸೈಕಲ್ಲಿನ ಮುಂದೆ ಹೆಂಡತಿ ನಿಂತಳು. ಮಳಿಗೆಯ ಹುಡುಗಿ ಆಗಲೇ ಸೀಟಿನ ಎತ್ತರ ಸರಿಮಾಡುತ್ತಿದ್ದಳು.

"ಇದನ್ನ ಓಡಿಸಿ ನೋಡೋಕೆ ನಿಮ್ಮ ಹೆಸರು ಕೊಟ್ಟಿದ್ದೀನಿ. ಹಿಡಿಸಿದ್ರೆ ನಿಮ್ಮದೇ" ಎಂದಳು ಹೆಂಡತಿ. ಮುಖ ಅರಳಿತ್ತು.

"ಇವತ್ತು ಬೇಡ ಕಣೇ. ಮಂಡಿ..."

"ಈಗ ಮೆಟ್ಟಿಲು ಇಳಿಯೋವಾಗ ಆ ಮಂಡಿ ಎಲ್ಲಿ ಹೋಗಿತ್ತು? ಹತ್ರೀ, ಸುಮ್ನೆ."

ಆಗ ಹೇಳಿಬಿಡಬಹುದಿತ್ತು. ಆದರೆ ಹ್ಯಾಂಡಲ್ ಕೈಗೆ ಬಂದಾಗಿತ್ತು.

ಹಾಲ್‌ನ ಹಿಂದೆ, ಹಗ್ಗ ಕಟ್ಟಿ ಮಾಡಿದ ಓಡುದಾರಿ. ನೆಲದ ಮೇಲೊಂದು ಬಿಳಿ ಗೆರೆ. ಒಂದು ಸುತ್ತು, ಅಷ್ಟೇ. ಗೆರೆಯನ್ನು ಬಿಡದೆ ನೋಡಿಕೊಂಡು ಹೋದರಾಯಿತು ಎಂದುಕೊಂಡು ಪೆಡಲ್ ತುಳಿದ. ಸೈಕಲ್ ಸದ್ದಿಲ್ಲದೆ ಚಿಮ್ಮಿತು. ಅವನ ತುಟಿಯಲ್ಲಿ ನಗು ಮೂಡಿತು. ಮೊದಲ ತಿರುವು ದಾಟಿತು. ಎರಡನೆಯದೂ. ಯಾರೋ ಕೂಗುತ್ತಿದ್ದರು. ಹುರಿದುಂಬಿಸುತ್ತಿದ್ದಾರೆ ಎಂದುಕೊಂಡ.

ಬಲಗಡೆಯ ಕತ್ತಲೆಯಿಂದ ಎಂಬಂತೆ ಒಂದು ಚಕ್ರ ನುಗ್ಗಿ ಬಂತು. ಬ್ರೇಕ್ ಹಿಡಿಯುವಷ್ಟರಲ್ಲಿ ಎಲ್ಲ ಒಂದರ ಮೇಲೊಂದು ಬಿದ್ದಿತ್ತು: ಅವನು, ಎರಡು ಸೈಕಲ್ಲು, ಅಡಿಯಲ್ಲಿ ಒಬ್ಬ ಹೆಂಗಸು. ಸೈಕಲ್ ತಳ್ಳಿಕೊಂಡು ದಾರಿ ದಾಟುತ್ತಿದ್ದ ಪ್ರದರ್ಶನದ ಕೆಲಸದವಳು.

"ಕೂಗಿದೆ ಅಲ್ವಾ! ಕೈ ಎತ್ತಿ ಎತ್ತಿ ಕೂಗಿದೆ! ಎದ್ರಿಗೇ ಇದ್ದೀನಿ, ಕಾಣಲ್ವಾ ನಿಮ್ಗೆ?" ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ಎದುರಿಗಿರಲಿಲ್ಲಮ್ಮ, ಪಕ್ಕದಲ್ಲಿದ್ರಿ" ಎಂದುಬಿಟ್ಟ ಅವನು.

ಅಷ್ಟರಲ್ಲಿ ಹೆಂಡತಿ ಹಗ್ಗ ನುಸುಳಿ ಓಡಿ ಬಂದಿದ್ದಳು. ಆ ಮಾತು ಅವಳ ಕಿವಿಗೆ ಬಿತ್ತು. ಗಾಯವಾದವಳನ್ನು ಎಬ್ಬಿಸಿ ಕೂರಿಸಿ, ತನ್ನ ನೀರಿನ ಬಾಟಲಿಯಿಂದ ಮೊಣಕೈ ತೊಳೆದು, ಕರವಸ್ತ್ರ ಕಟ್ಟಿದಳು. ಆಮೇಲೆ ಗಂಡನ ಮುಂದೆ ಬಂದು ನಿಂತಳು.

"ನನ್ನ ಮೂಗು ನೋಡಿ. ಕಣ್ಣು ಅಲುಗಿಸ್ಬೇಡಿ." ಕೈಯನ್ನು ಅವನ ಕಿವಿಯ ನೇರಕ್ಕೆ ಎತ್ತಿ ಹಿಡಿದಳು. "ಎಷ್ಟು ಬೆರಳು?"

ಅವನು ಮೂಗನ್ನೇ ನೋಡುತ್ತ ನಿಂತ. ಅವಳು ಕೈಯನ್ನು ಮುಂದಕ್ಕೆ ತಂದಳು. ಇನ್ನೂ ಮುಂದಕ್ಕೆ. ಕೈ ಹೆಚ್ಚು ಕಡಿಮೆ ಅವಳ ಕೆನ್ನೆಯ ಹತ್ತಿರ ಬಂದಾಗ, "ಎರಡು" ಎಂದ.

ಅವಳು ಕೈ ಇಳಿಸಿದಳು.

"ಯಾವಾಗಿಂದ?"

"ಒಂದು ವರ್ಷ ಆಯ್ತೇನೋ. ಡಾಕ್ಟ್ರು ಮನೇಲಿ ಹೇಳಿ ಅಂದಿದ್ರು."

"ಊರ ಮಕ್ಕಳಿಗೆಲ್ಲ ಎರಡೂ ಕಡೆ ನೋಡ್ಕೊಂಡು ದಾಟಿ ಅಂತ ದಿನಾ ಬಡ್ಕೊಳ್ತೀನಿ. ನೀವು ನನ್ನ ಪಕ್ಕದಲ್ಲೇ ಮಲಗಿ..." ಗಾಯವಾದವಳ ಕಡೆ ಕೈ ತೋರಿಸಿದಳು. "ಹೋಗಿ, ಮೊದಲು ಆಕೆ ಹತ್ರ ತಪ್ಪಾಯ್ತು ಅನ್ನಿ."

ಅವನು ಹೋಗಿ ಕೈಮುಗಿದ. ಇದ್ದದ್ದನ್ನು ಇದ್ದಂತೆ ಹೇಳಿದ. ಸಿಟ್ಟಿನಲ್ಲಿದ್ದ ಹೆಂಗಸು ಅವನ ಕಣ್ಣುಗಳನ್ನೇ ನೋಡಿದಳು. "ನನ್ನ ಮೇಲೆ ಬಿದ್ದಿದ್ದು ಹೋಗ್ಲಿ, ನೀವು ರಸ್ತೇಲಿ ಬಿದ್ದಿದ್ರೆ ಏನ್ ಗತಿ?" ಎಂದು ಕೇಳಿದಳು.

ಮನೆಗೆ ಹಿಂತಿರುಗುವಾಗ ಗಂಡಹೆಂಡಿರು ನಡೆದೇ ಹೋದರು. ಅವಳು ರಸ್ತೆಯ ಕಡೆಗೆ, ಅವನು ಒಳಗಡೆಗೆ. ದಾರಿಯುದ್ದಕ್ಕೂ ಅವಳು ಅವನ ರಟ್ಟೆ ಬಿಡಲಿಲ್ಲ. ಮನೆ ಹತ್ತಿರವಾದಾಗ ಅವನೇ ಬಾಯಿಬಿಟ್ಟ: "ಹೇಳಿದ್ರೆ ಸೈಕಲ್ ಬಿಡಿಸ್ತೀಯ ಅಂತ ಭಯ ಆಗಿತ್ತು."

"ಬಿಡಿಸ್ತಿದ್ದೆ" ಎಂದಳು. "ಖಂಡಿತ ಬಿಡಿಸ್ತಿದ್ದೆ."

ಮರುವಾರ ಅವಳೇ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ, ಆದರೆ ಈ ಸಲ ಕೇಳಿಸಿಕೊಳ್ಳಲು ಇಬ್ಬರಿದ್ದರು. ನಡುಕೋಣೆಯ ಎರಡು ಸೈಕಲ್ಲುಗಳು ಭಾನುವಾರದ ಗೆಳೆಯರ ಮನೆ ಸೇರಿದವು. ಮೂರನೆಯದರಲ್ಲಿ ಹೆಂಡತಿ ಸವಾರಿ ರೂಢಿಸಿಕೊಂಡಳು. ಕೆಲವು ತಿಂಗಳಾದ ಮೇಲೆ ಅದೇ ಗೆಳೆಯರು ಎಲ್ಲಿಂದಲೋ ಇಬ್ಬರು ತುಳಿಯುವ ಹಳೆಯ ಜೋಡಿ ಸೈಕಲ್ ಒಂದನ್ನು ತಂದುಕೊಟ್ಟರು. "ಮೂಟೆ ಥರ ಹಿಂದೆ ಕೂತ್ಕೊಳ್ಳೋದಾ ನಾನು?" ಎಂದು ಅವನು ಎರಡು ವಾರ ಮುಖ ಊದಿಸಿಕೊಂಡಿದ್ದ. ಈಗ ಕೂರುತ್ತಾನೆ. ಇಳಿಜಾರು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಹುಡುಕುತ್ತಾನೆ, ತಿರುವಿನಲ್ಲಿ ತಪ್ಪು ಕಡೆಗೆ ವಾಲುತ್ತಾನೆ. ಮುಂದಿನ ಸೀಟಿನಿಂದ ಹೆಂಡತಿ ಬೈಯುವುದು ಏರುರಸ್ತೆಯ ತುದಿಯವರೆಗೂ ಕೇಳಿಸುತ್ತದೆ.