ಕುರಿಹಟ್ಟಿಯ ಕಂಬಕ್ಕೆ ಗುರಿಯಿಟ್ಟ ನಕ್ಷೆ

ನಾನು ಜೀವನದಲ್ಲಿ ಮಾಡಿದ ಮೊದಲ ನಕ್ಷೆಯಲ್ಲಿ ಒಂದು ಸೇದುವ ಬಾವಿ ಕೆರೆಯ ನಟ್ಟನಡುವೆ ಬಂದು ಕೂತಿತ್ತು. ಮುಂದೆ ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟೆ. ಯಾವ ಹುಡುಗಿಯಾದರೂ ಗೋದಾವರಿಯನ್ನು ತಪ್ಪು ಕಡೆಯಿಂದ ಹರಿಸಿದರೆ ಬೈಯಲು ಬಾಯಿ ತೆರೆಯುತ್ತಿದ್ದೆ, ಆ ಬಾವಿ ನೆನಪಾಗಿ ಬಾಯಿ ಮುಚ್ಚುತ್ತಿದ್ದೆ.

ಆಗ ನಮ್ಮ ಸೀಮೆಯೆಲ್ಲ ಮದ್ರಾಸ್ ಸರ್ಕಾರದ ಕೆಳಗಿತ್ತು. ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ, ಅದರ ಮೇಲೆ ಭೂಗೋಳದ ಡಿಪ್ಲೊಮಾ ಓದುತ್ತಿದ್ದೆ. ಕೊನೆಯ ವರ್ಷದ ಬೇಸಿಗೆ ರಜದಲ್ಲಿ ಹತ್ತು ದಿನ ಯಾವುದಾದರೂ ಊರಿಗೆ ಹೋಗಿ, ಬಿಸಿಲಲ್ಲಿ ನಿಂತು, ನೆಲ ಅಳೆದು ನಕ್ಷೆ ಮಾಡಬೇಕು. ಅದಕ್ಕೆ ತರಬೇತಿ ಶಿಬಿರ ಎಂದು ಹೆಸರು. ಆ ವರ್ಷ ರಾಯದುರ್ಗ ಎಂದು ಗೊತ್ತಾದಾಗ ನನಗೆ ಕೋಡು ಬಂದಂತಾಯಿತು. ನಾನು ಪಕ್ಕದ ಜಿಲ್ಲೆಯವಳು, ಮಡಕಶಿರದ ಆಚೆ ಅಮರಾಪುರದ ಕಡೆಯವಳು. ಹದಿನಾಲ್ಕು ಜನ ವಿದ್ಯಾರ್ಥಿಗಳಲ್ಲಿ ಕನ್ನಡ ತೆಲುಗು ಎರಡೂ ಬರುತ್ತಿದ್ದದ್ದು ನನಗೊಬ್ಬಳಿಗೇ.

ಹೆಣ್ಣುಮಕ್ಕಳು ಇಬ್ಬರೇ ಇದ್ದೆವು. ಇನ್ನೊಬ್ಬಳು ಮದ್ರಾಸ್ ಪಟ್ಟಣದವಳು, ತಮಿಳು ಮನೆಮಾತಿನವಳು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಗಂಡುಹುಡುಗರ ಜೊತೆ ಹಾಕುವುದು ಸರಿಯಲ್ಲವೆಂದು ನಮ್ಮಿಬ್ಬರನ್ನೇ ಒಂದು ಜೋಡಿ ಮಾಡಿದರು. ಅವಳು ಮಾತು ಕಡಿಮೆ, ಕೆಲಸ ಜಾಸ್ತಿ. ನಾನು ಹೇಗೆಂದು ಬೇರೆ ಹೇಳಬೇಕಿಲ್ಲ.

ನಮ್ಮ ಮೇಷ್ಟ್ರು, ಮದ್ರಾಸಿನಿಂದ ನಮ್ಮನ್ನು ಕರೆತಂದವರು, ಒಂದು ವಿಚಿತ್ರ ಪದ್ಧತಿ ಇಟ್ಟುಕೊಂಡಿದ್ದರು. ಜನರ ಪರಿಚಯ ಮಾಡಿಕೊಳ್ಳಲು ಬಾರದವನಿಗೆ ಭೂಗೋಳವೂ ಬರುವುದಿಲ್ಲ ಎನ್ನುತ್ತಿದ್ದರು. ದಿನಾ ಸಂಜೆ ಊರಿನವರಲ್ಲಿ ಯಾರನ್ನಾದರೂ ಕಾಫಿಗೆ ಕರೆಯುತ್ತಿದ್ದರು: ಸ್ಟೇಷನ್ ಮಾಸ್ಟರು, ನೇಕಾರರ ಯಜಮಾನ, ಸರ್ವೇ ಇಲಾಖೆಯ ಗುಮಾಸ್ತೆ. ಹತ್ತನೆಯ ದಿನ ದೊಡ್ಡ ಸಭೆ. ಜಿಲ್ಲೆಯ ಶಾಲೆಗಳ ಹೆಡ್‌ಮಾಸ್ಟರುಗಳು, ತಹಸೀಲ್ದಾರರು ಬಂದು ನಕ್ಷೆಗಳನ್ನು ನೋಡುತ್ತಿದ್ದರು. ಕೆಲಸ ಸಿಗುವುದು ಅಲ್ಲೇ. ಆದರೆ ಆ ಸಭೆಯಲ್ಲಿ ಯಾರೂ ತಮ್ಮ ವಿಷಯ ತಾವು ಮಾತಾಡಕೂಡದು. ಜೋಡಿಯಲ್ಲಿ ಒಬ್ಬರು ಎದ್ದು ಇನ್ನೊಬ್ಬರ ಬಗ್ಗೆ ಹೇಳಬೇಕು.

ಮೊದಲ ಸಂಜೆ ಕಾಫಿಗೆ ಬಂದವರು ಆ ಊರಿನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್. ಬಳ್ಳಾರಿಯ ಕಡೆಯವರು, ಗಟ್ಟಿ ದನಿಯ ಹೆಂಗಸು. ಭೂಗೋಳಕ್ಕೆ ಒಬ್ಬ ಟೀಚರು ಬೇಕಾಗಿದ್ದಾರೆ, ನಿಮ್ಮಿಬ್ಬರಲ್ಲಿ ಒಬ್ಬರನ್ನು ಸಭೆಯ ದಿನ ಆರಿಸುತ್ತೇನೆ ಎಂದು ನಮ್ಮೆದುರೇ ಹೇಳಿಬಿಟ್ಟರು.

ನನಗೆ ಆ ಕೆಲಸ ಯಾಕೆ ಬೇಕಿತ್ತೆಂದರೆ, ಅಮ್ಮನಿಗಾಗಿ. ಅಪ್ಪ ಹೋದಮೇಲೆ ನಾವು ಸೋದರಮಾವನ ಮನೆ ಸೇರಿದ್ದೆವು. ಮಾವ ಕೆಟ್ಟವನಲ್ಲ, ನನ್ನನ್ನು ಓದಿಸಿದವನೇ ಅವನು. ಆದರೆ ಹದಿಮೂರು ವರ್ಷ ಅಮ್ಮ ಆ ಮನೆಯಲ್ಲಿ ಅತ್ತಿಗೆಯನ್ನು ಕೇಳದೆ ಒಂದು ಸೇರು ರಾಗಿ ಬೀಸಿದವಳಲ್ಲ. ಇವತ್ತು ಏನು ಅಡುಗೆ ಮಾಡೋಣ ಎಂದು ತನ್ನಷ್ಟಕ್ಕೆ ತಾನೇ ಯೋಚಿಸುವ ಒಂದು ಅಡುಗೆಮನೆ ಅವಳಿಗೆ ಬೇಕಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ನನಗೆ ಗೊತ್ತಿತ್ತು. ಎರಡನೆಯ ದಿನ ಹೊಲಕ್ಕೆ ನಡೆಯುತ್ತಾ ಇದನ್ನೆಲ್ಲ ನನ್ನ ಜೋಡಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ಅಷ್ಟೆ.

ನಮ್ಮ ಪಾಲಿಗೆ ಬಂದದ್ದು ಓಬಳಾಪುರದ ಕಡೆ ಹೋಗುವ ಬಂಡಿಜಾಡಿನ ಪಕ್ಕದ ಬಯಲು. ಕೆಲಸ ಹೀಗೆ: ಮೂರು ಕಾಲಿನ ಮೇಲೆ ಹಲಗೆ ಕೂರಿಸಿ, ಹಾಳೆ ಅಂಟಿಸಿ, ದೂರದ ಒಂದು ಗುರುತಿಗೆ ಪಟ್ಟಿ ಹಿಡಿದು ಗೆರೆ ಎಳೆಯುವುದು. ಇನ್ನೊಂದು ದಿನ ಇನ್ನೊಂದು ಕಡೆ ನಿಂತು ಅದೇ ಗುರುತಿಗೆ ಮತ್ತೊಂದು ಗೆರೆ. ಎರಡೂ ಸೇರುವ ಕಡೆ ಆ ಗುರುತು ಇದೆ ಎಂದರ್ಥ. ಆಮೇಲೆ ಅದನ್ನು ನಂಬಿಕೊಂಡು ಮಿಕ್ಕದ್ದನ್ನೆಲ್ಲ ಕೂರಿಸುತ್ತಾ ಹೋಗುವುದು. ಗೆರೆ ಎಳೆದವರು ಅದರ ಪಕ್ಕ ತಮ್ಮ ಹೆಸರಿನ ಮೊದಲಕ್ಷರ ಹಾಕಬೇಕು. ಉಳಿದ ಜೋಡಿಗಳಿಗೆಲ್ಲ ಬೆಟ್ಟದ ಮೇಲಿನ ಕೋಟೆಯ ಬುರುಜು ಕಾಣುತ್ತಿತ್ತು. ನಮಗೆ ಒಂದು ದಿಬ್ಬ ಅಡ್ಡ. ಬೋಳು ಹೊಲಗಳ ನಡುವೆ ಎದ್ದು ಕಾಣುತ್ತಿದ್ದದ್ದು ಒಂದು ಕುರಿಹಟ್ಟಿ, ಅದರ ಮಧ್ಯೆ ಕರಿಕಂಬಳಿ ಕಟ್ಟಿದ ಒಂದು ಎತ್ತರದ ಕಂಬ.

“ಆ ಕಂಬಕ್ಕೇ ಹಿಡಿಯೋಣ” ಎಂದೆ.

“ಅದು ಅಲ್ಲೇ ಇರುತ್ತದೆಯೇ?” ಎಂದು ಅವಳು ಕೇಳಿದಳು.

“ಇದು ನನ್ನ ಸೀಮೆ. ನನಗೆ ಗೊತ್ತಿಲ್ಲವೇ?” ಎಂದೆ.

ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಅದೇ ಇವತ್ತಿಗೂ ನನ್ನನ್ನು ಕುಟುಕುವ ವಿಷಯ. ಕಡಲೆಕಾಯಿ ಕಿತ್ತ ಹೊಲಕ್ಕೆ ಗೊಬ್ಬರವಾಗಲೆಂದು ಮಾವ ಪ್ರತಿ ಬೇಸಿಗೆ ಕುರಿ ನಿಲ್ಲಿಸುತ್ತಿದ್ದ. ಎರಡು ರಾತ್ರಿ ಒಂದು ಕಡೆ, ಆಮೇಲೆ ಮುಳ್ಳುಬೇಲಿ ಕಿತ್ತುಕೊಂಡು ಪಕ್ಕದ ಹೊಲಕ್ಕೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಕೈಯಲ್ಲಿ ಹಲಗೆ, ಪಟ್ಟಿ ಬಂದಕೂಡಲೆ ನಾನು ಮದ್ರಾಸಿನ ಪದವೀಧರೆಯಾಗಿಬಿಟ್ಟಿದ್ದೆ. ಮೂರನೆಯ ದಿನ ಗುಡಿಯ ಕಟ್ಟೆಯಿಂದ ಒಂದು ಗೆರೆ ಎಳೆದೆ, ಐದನೆಯ ದಿನ ಬಂಡಿಜಾಡಿನ ತಿರುವಿನಿಂದ ಇನ್ನೊಂದು. ನಡುವೆ ಹಟ್ಟಿ ಒಂದು ಹೊಲ ದಾಟಿತ್ತು. ಕಂಬಳಿ ಅದೇ, ಕಂಬ ಅದೇ, ಬೋಳು ಹೊಲ ಎಲ್ಲ ಒಂದೇ ತರ. ನಾನು ತಿರುಗಿ ಯೋಚಿಸಲಿಲ್ಲ.

ಎಂಟನೆಯ ದಿನ ಮಸಿ ಹಾಕಲು ಕೂತಾಗ ಬಾವಿ ಕೆರೆಯೊಳಗೆ ಬಿತ್ತು. ಮೇಷ್ಟ್ರು ಹಾಳೆ ನೋಡಿ ಸಿಟ್ಟಾಗಲಿಲ್ಲ. “ಈ ಬಾವಿಯ ನೀರು ಸೇದಲು ಹಗ್ಗದ ಜೊತೆ ದೋಣಿಯೂ ಬೇಕೇನಮ್ಮ?” ಎಂದಷ್ಟೇ ಕೇಳಿದರು. ಹುಡುಗರು ಬಿದ್ದು ಬಿದ್ದು ನಕ್ಕರು. ನಡುವೆ ಹಟ್ಟಿ ಸರಿದಿರಬೇಕೆಂದು ನನಗೆ ಆಗ ಹೊಳೆಯಿತು. ಸಭೆಗೆ ಎರಡೇ ದಿನ ಉಳಿದಿತ್ತು. ಮೊದಲಿಂದ ಅಳೆಯಲು ಐದು ದಿನ ಬೇಕು.

ಮಾರನೆಯ ದಿನ ಬೆಳಗ್ಗೆಯೇ ಇಬ್ಬರೂ ಹಟ್ಟಿಗೆ ಓಡಿದೆವು. ಅಲ್ಲಿ ಕುರಿಗಾರರ ಹೆಂಗಸೊಬ್ಬಳು ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನಾನು ವಿಷಯ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡಿದಳು.

“ಆ ಹಲಗಿ ಇಟಗೊಂಡು ನಮ್ ಕಂಬ ನೋಡಾಕತ್ತಿದ್ರಿ, ನಾ ಕಂಡೀನ್ರಿ. ಕುರಿ ಎಣಸಾಕ ಬಂದ ಸರ್ಕಾರದೋರು ಅನಕೊಂಡು ಸುಮ್ನಿದ್ದೆ” ಎಂದಳು. “ಅಲ್ರೀ ಅಮ್ಮಾರ, ಕುರಿ ಒಂದ ಕಡಿ ನಿಂತ್ರ ಉಳದ ಹೊಲ ಏನ್ ಮಾಡಬೇಕ್ರಿ?”

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಯಾವ ವಾರ ಯಾರ ಹೊಲ ಎಂಬುದು ಅವಳಿಗೆ ಬಾಯಿಪಾಠ. ಕುರಿ ತುಳಿದ ನೆಲದಲ್ಲಿ ಸೀದಾ ನಡೆದುಹೋಗಿ ಹಿಮ್ಮಡಿಯಿಂದ ಹಿಕ್ಕೆ ಸರಿಸಿದಳು. ಕೆಳಗೆ ಕಂಬ ನೆಟ್ಟಿದ್ದ ಕುಣಿ ಹಾಗೇ ಇತ್ತು. “ಮಂಗ್ಳಾರ ಇಲ್ಲಿತ್ರಿ” ಎಂದಳು. ಮಂಗಳವಾರವೇ ನಾನು ಗುಡಿಯ ಕಟ್ಟೆಯಿಂದ ಮೊದಲ ಗೆರೆ ಎಳೆದದ್ದು. ಆಮೇಲೆ ಹಟ್ಟಿಗೆ ಹೋಗಿ ಕಂಬವನ್ನೇ ಕಿತ್ತು ಹೆಗಲ ಮೇಲೆ ಹೊತ್ತು ತಂದು ಆ ಕುಣಿಯಲ್ಲಿ ನಿಲ್ಲಿಸಿಕೊಂಡು ನಿಂತಳು. ನಾವು ಬಂಡಿಜಾಡಿನ ತಿರುವಿಗೆ ಓಡಿ, ಹಲಗೆ ಕೂರಿಸಿ, ಗೆರೆ ಎಳೆದು, ಅದರ ಆಧಾರದ ಮೇಲೆ ಬಾವಿ, ಗುಡಿ, ಕೆರೆಯ ಏರಿಗಳನ್ನು ಮತ್ತೆ ಹಿಡಿಯುವಷ್ಟು ಹೊತ್ತೂ ಅವಳು ಆ ಸುಡುಬಿಸಿಲಲ್ಲಿ ಕಂಬ ಬಿಡಲಿಲ್ಲ. ಮಧ್ಯಾಹ್ನ ನಮಗೇ ಜೋಳದ ರೊಟ್ಟಿ ಕೊಟ್ಟಳು. ಅವಳಿಗೆ ಇದರಿಂದ ಏನೂ ಆಗಬೇಕಾಗಿರಲಿಲ್ಲ. ನಕ್ಷೆ ಎಂದರೇನೆಂದೂ ಅವಳು ಕೇಳಲಿಲ್ಲ. ಆ ಹೆಂಗಸಿನ ಋಣ ನಾನು ಯಾವ ಜನ್ಮಕ್ಕೂ ತೀರಿಸಲಾರೆ.

ಬಾವಿ ಕೆರೆಯಿಂದ ಹೊರಗೆ ಬಂತು. ಮಾರನೆಯ ಸಂಜೆ ಸಭೆ.

ಮೊದಲು ಏಳಬೇಕಾದವಳು ನಾನು. ಹೆಡ್‌ಮಿಸ್ಟ್ರೆಸ್ ಮುಂದಿನ ಸಾಲಿನಲ್ಲೇ ಕೂತಿದ್ದರು. ನನ್ನ ಜೋಡಿಯ ಬಗ್ಗೆ ಹೇಳಲು ಎಷ್ಟೊಂದಿತ್ತು! ಅದು ಅಲ್ಲೇ ಇರುತ್ತದೆಯೇ ಎಂದು ಕೇಳಿದವಳು ಅವಳು. ತಪ್ಪು ಹೊರಬಿದ್ದಾಗ ಒಂದು ಮಾತೂ ಆಡದೆ ರಬ್ಬರ್ ತೆಗೆದುಕೊಂಡವಳು ಅವಳು. ನನ್ನ ಬಾಯಿಂದ ಬಂದದ್ದು ಇಷ್ಟು: ಇವರ ಅಕ್ಷರ ಅಂದವಾಗಿದೆ, ಹೊತ್ತಿಗೆ ಸರಿಯಾಗಿ ಬರುತ್ತಾರೆ, ನಡುವೆ ನಮ್ಮಿಂದ ಒಂದು ಸಣ್ಣ ತಪ್ಪಾಗಿತ್ತು, ತಿದ್ದಿಕೊಂಡೆವು. ಹೇಳಿ ಕೂತೆ. ಕೆಲಸ ಒಂದೇ ಇತ್ತು, ಅಮ್ಮನ ಮುಖ ಕಣ್ಣ ಮುಂದಿತ್ತು, ನಾಲಿಗೆ ಅಷ್ಟಕ್ಕಿಂತ ಮುಂದೆ ಹೊರಳಲಿಲ್ಲ.

ಆಮೇಲೆ ಅವಳು ಎದ್ದಳು. ತಪ್ಪು ನಮ್ಮದಲ್ಲ, ನನ್ನದು ಎಂದು ಶುರುಮಾಡಿದಳು. ಪಟ್ಟಣದವಳಾದ ತಾನು ಕುರಿಹಟ್ಟಿ ಪೋಸ್ಟಾಫೀಸಿನ ಹಾಗೆ ಒಂದೇ ಕಡೆ ಇರುತ್ತದೆ ಎಂದುಕೊಂಡದ್ದಾಗಿ ಹೇಳಿದಳು. ನನ್ನ ಕಡೆ ಕೈ ತೋರಿಸಿ, ನೆಲವನ್ನೂ ಅದರ ಮೇಲಿನ ಜನರನ್ನೂ ಮಾತಾಡಿಸಲು ಬಂದದ್ದು ಇವಳಿಗೆ, ಇವಳಿಲ್ಲದಿದ್ದರೆ ನಮ್ಮ ನಕ್ಷೆಯೇ ಇರುತ್ತಿರಲಿಲ್ಲ ಎಂದಳು. ಪೋಸ್ಟಾಫೀಸಿನ ಮಾತಿಗೆ ಸಭೆಯೆಲ್ಲ ಗೊಳ್ಳೆಂದು ನಕ್ಕಿತ್ತು, ತಹಸೀಲ್ದಾರರಂತೂ ಮೇಜು ತಟ್ಟಿ ನಕ್ಕರು. ನಾನು ನೆಲ ನೋಡುತ್ತಾ ಕೂತಿದ್ದೆ. ಎದ್ದು ನಿಂತು ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಸಭೆ ಮುಗಿಯುವ ಮುಂಚೆ ಹೆಡ್‌ಮಿಸ್ಟ್ರೆಸ್ ನನ್ನ ಬಳಿ ಬಂದು ಜೂನ್ ತಿಂಗಳಿಗೆ ಬಂದು ಸೇರು ಎಂದರು.

ಬೆಳಗಾಗುವುದನ್ನೇ ಕಾದು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಕಂಬಕ್ಕೆ ಗುರಿಯಿಟ್ಟವಳು ನಾನು, ಕೆಲಸ ಅವಳಿಗೇ ಕೊಡಿ ಎಂದು ಒಂದೇ ಉಸಿರಿಗೆ ಹೇಳಿದೆ.

“ಗೊತ್ತೈತಿ, ಕೂಡು” ಎಂದರು. “ಆ ಎರಡೂ ಗೆರಿಗೆ ನಿನ್ನ ಅಕ್ಷರನ ಐತಿ. ನನಗ ಓದಾಕ ಬರೂದಿಲ್ಲ ಅನಕೊಂಡಿದ್ದೇನು?”

“ಮತ್ತೆ ನನಗೆ ಯಾಕೆ ಕೊಟ್ಟಿರಿ?”

“ಆಕಿ ಮೊನ್ನೆ ಸಂಜಿನ ಬಂದಿದ್ಲು. ಈ ಊರಿನ ಬಿಸಲು ನನಗ ಒಗ್ಗೂದಿಲ್ಲ, ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ ಅಂತ ಹೇಳಿ ಹೋದ್ಲು.” ದಾರ ಕಚ್ಚಿ ಹರಿದು ನನ್ನ ಮುಖ ನೋಡಿದರು. “ನೀ ಇವತ್ತು ಬರದಿದ್ರೂ ಕೆಲಸ ನಿನಗ ಕೊಡತಿದ್ದೆ. ಆದ್ರ ನಿನ್ನ ಮ್ಯಾಲ ಒಂದು ಕಣ್ಣು ಇಟ್ಟಿರತಿದ್ದೆ.”

ಅಂದರೆ ಸಭೆಯಲ್ಲಿ ನಾನು ಅಕ್ಷರ ಅಂದವಾಗಿದೆ ಎಂದು ಅಳೆದು ಸುರಿದು ಹೇಳುವಾಗಲೇ ಅವಳು ದಾರಿ ಬಿಟ್ಟು ಒಂದು ದಿನವಾಗಿತ್ತು. ಬಳ್ಳಾರಿ ರೈಲಿಗೆ ಅವಳನ್ನು ಹತ್ತಿಸಲು ಹೋದಾಗ ಕೈ ಹಿಡಿದುಕೊಂಡೆ. ಹೆಡ್‌ಮಿಸ್ಟ್ರೆಸ್ ಎಲ್ಲ ಹೇಳಿದರು ಎಂದೆ. ಅವಳು ನಕ್ಕು, ನಿಜಕ್ಕೂ ಬಹಳ ಬಿಸಿಲಪ್ಪ ನಿಮ್ಮೂರು ಎಂದಳು. ರೈಲು ಹೊರಟಿತು.

ಜುಲೈ ತಿಂಗಳಲ್ಲಿ ಕೋಟೆ ಬೆಟ್ಟದ ಕೆಳಗೆ ಎರಡು ಕೋಣೆಯ ಮನೆ ಹಿಡಿದೆ. ಅಮ್ಮ ಮಡಕಶಿರದಿಂದ ಬಸ್ಸಿನಲ್ಲಿ, ರಾಗಿ ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಬಂದಳು. ಬಂದವಳೇ ಒಲೆಯ ಮುಂದೆ ಕೂತು ಅದನ್ನೊಮ್ಮೆ ಕೈಯಿಂದ ಸವರಿದಳು. ಯಾರನ್ನೂ ಏನನ್ನೂ ಕೇಳದೆ ಮುದ್ದೆ ಮಾಡಿ, ಹುರುಳಿ ಸಾರು ಮಾಡಿದಳು. ಮಧ್ಯಾಹ್ನ ನನ್ನನ್ನು ಕೂರಿಸಿ ಬಡಿಸಿದಳು. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ: ಹಟ್ಟಿ, ಕಂಬ, ಸಭೆ, ಅವಳು ಕೆಲಸ ಬೇಡವೆಂದದ್ದು, ಎಲ್ಲ.

ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು. ಕೇಳಿ ಮುಗಿದ ಮೇಲೆ, “ಪಾಪ, ಆ ಮಗೀಗೆ ಆಮೇಲೆ ಎಲ್ಲಾದ್ರೂ ಕೆಲ್ಸ ಸಿಕ್ತೇನೆ?” ಎಂದಳು.

ನನಗೆ ಗೊತ್ತಿರಲಿಲ್ಲ. ಮೂರು ತಿಂಗಳಾಗಿತ್ತು. ಮನೆ ಹುಡುಕಿದ್ದೆ, ಪಾತ್ರೆ ಕೊಂಡಿದ್ದೆ, ಹೊಸ ಸೀರೆ ಉಟ್ಟು ಶಾಲೆಗೆ ಹೋಗಿದ್ದೆ. ಅವಳಿಗೆ ಒಂದು ಕಾರ್ಡು ಹಾಕಿರಲಿಲ್ಲ.

“ಮೊದ್ಲು ಉಣ್ಣು” ಎಂದಳು ಅಮ್ಮ. “ಉಂಡು ಕಾಗ್ದ ಬರಿ. ಮನೇಗ್ ಬಾ ಅಂತ ನಾನ್ ಕರ್ದೆ ಅಂತ ಬರಿ.”